ಹದಿನಾಲ್ಕನೇ ಕಂತಿನ ಮಲ್ಲಿಗೆ

ಆ ಕಾಮಿಕ್ಸ್‌ನಲ್ಲಿ ನನ್ನ ಕೆಲಸ ಹೂ ಬಿಡಿಸುವುದು. ಮುಖಕ್ಕೆ, ಬಟ್ಟೆಗೆ, ಕಟ್ಟಡಗಳಿಗೆ ಬೇರೆ ಬೇರೆಯವರಿದ್ದರು. ಕುಂಡದ ಗಿಡ, ಹೂವಿನ ಅಂಗಡಿ, ದೇವರ ಮುಂದಿನ ಬುಟ್ಟಿ, ಹೆಂಗಸರ ತಲೆಯ ಹೂ, ಗೋಡೆಯ ಫೋಟೊದ ಹಾರ, ಇಷ್ಟು ನನ್ನ ಪಾಲಿನದು. ವಿಕ್ರೋಳಿಯಲ್ಲಿ ಹಳೆಯ ಕಾರ್ಖಾನೆಯೊಂದರ ಮೇಲಂತಸ್ತಿನಲ್ಲಿ ನಮ್ಮ ಸ್ಟುಡಿಯೋ. ನಾವು ಮಾಡಿಕೊಟ್ಟದ್ದನ್ನು ಪವಾಯಿಯ ಒಂದು ಕಂಪನಿ ತನ್ನ ಆ್ಯಪ್‌ನಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಒಂದೊಂದು ಕಂತಾಗಿ ಹಾಕುತ್ತಿತ್ತು. ಹಿಂದಿ, ಮರಾಠಿ, ಕನ್ನಡ ಮೂರರಲ್ಲೂ ಬರುತ್ತಿತ್ತು. ಒಟ್ಟು ನಲವತ್ತು ಕಂತೆಂದು ಮಾತಾಗಿತ್ತು.

ಕಥೆ ದೊಡ್ಡದೇನಲ್ಲ. ಗ್ರಾಂಟ್ ರೋಡಿನಲ್ಲಿ ಹೋಟೆಲ್ ಇಟ್ಟಿರುವ ಉಡುಪಿ ಕಡೆಯ ಒಂದು ಮನೆ. ಆ ಮನೆಯ ಮಗಳು ನಾಯಕಿ. ಲೋಕಲ್‌ನಲ್ಲಿ ಅವಳನ್ನು ಕಂಡು ಮೆಚ್ಚಿದವನು ನಾಯಕ. ಮನೆಯಲ್ಲಿ ನಾಯಕಿಯ ತಾಯಿ ಮತ್ತು ಅತ್ತಿಗೆ ಇದ್ದಾರೆ. ಅತ್ತಿಗೆಯ ಗಂಡ, ಅಂದರೆ ನಾಯಕಿಯ ಅಣ್ಣ, ಕಥೆ ಶುರುವಾಗುವ ಮೊದಲೇ ತೀರಿಕೊಂಡಿದ್ದಾನೆ. ಇಂಥ ಕಥೆ ಸಾವಿರ ಬಂದಿವೆ. ನಮ್ಮದರಲ್ಲಿ ಯಾರು ಯಾರನ್ನು ಮೆಚ್ಚಿದ್ದಾರೆ, ಯಾರಿಗೆ ಯಾರ ಮೇಲೆ ಮುನಿಸು ಎಂಬುದನ್ನೆಲ್ಲ ಮಾತಿನಲ್ಲಿ ಹೇಳದೆ ಹೂವಿನಲ್ಲಿ ತೋರಿಸಬೇಕು ಎಂದು ಪವಾಯಿಯ ಮೇಡಂ ಹೇಳಿದ್ದರು. ಅವರು ಕಂಪನಿಯ ಪರವಾಗಿ ನಮ್ಮ ಕೆಲಸ ನೋಡಿಕೊಳ್ಳುವವರು. ಮೊದಲ ಮೀಟಿಂಗಿಗೆ ಒಂದು ಪಟ್ಟಿಯನ್ನೂ ತಂದಿದ್ದರು. ಕೆಂಪು ಗುಲಾಬಿ ಎಂದರೆ ಪ್ರೀತಿ, ಹಳದಿ ಎಂದರೆ ಅಸೂಯೆ, ಬಿಳಿ ಲಿಲ್ಲಿ ಎಂದರೆ ಮುಗ್ಧತೆ, ಹೀಗೆ ಎರಡು ಪುಟ.

ನನಗೆ ಮೊದಲಿಂದಲೂ ಬಾಯಿ ಸ್ವಲ್ಪ ಹೆಚ್ಚು. ಈ ಲಿಲ್ಲಿ ಗ್ರಾಂಟ್ ರೋಡಿನ ಹೋಟೆಲಿನವರ ಮನೆಗೆ ಯಾವ ದಾರಿಯಲ್ಲಿ ಬಂತು ಎಂದು ಕೇಳಿದೆ. ನಮ್ಮ ಮನೆಗಳಲ್ಲಿ ಅರ್ಥ ಇರುವುದು ಹೂವಿಗಲ್ಲ, ಅದು ಎಲ್ಲಿ ಕೂತಿದೆ ಎಂಬುದಕ್ಕೆ. ಅದೇ ಮಲ್ಲಿಗೆ ದೇವರ ತಲೆಯ ಮೇಲಿದ್ದರೆ ಒಂದು, ಹೆಂಡತಿಯ ತಲೆಯಲ್ಲಿದ್ದರೆ ಒಂದು, ಸತ್ತವನ ಫೋಟೊದ ಮೇಲಿದ್ದರೆ ಇನ್ನೊಂದು. ಯಾರು ತಂದರು, ಯಾರು ಕಟ್ಟಿದರು, ಯಾರು ಮುಡಿಸಿದರು ಎನ್ನುವುದರಲ್ಲೇ ಸಂಬಂಧವೆಲ್ಲ ಇದೆ ಎಂದು ಒಂದೇ ಉಸಿರಿಗೆ ಹೇಳಿದೆ. ಮೇಡಂಗೆ ಇಷ್ಟವಾಯಿತು. ಹಾಗಿದ್ದರೆ ನೀನೇ ಪಟ್ಟಿ ಮಾಡು ಎಂದರು. ಬಾಯಿ ಬಿಟ್ಟವಳ ತಲೆಗೇ ಹೊರೆ ಬಂತು.

ಎರಡು ವಾರ ಕೂತು ಹೂವಿನ ಪಟ್ಟಿ ಮಾಡಿದೆ. ಅಡ್ಡಕ್ಕೆ ನಲವತ್ತು ಕಂತು, ಉದ್ದಕ್ಕೆ ಪಾತ್ರಗಳು. ಪಟ್ಟಿಯ ಪ್ರತಿ ಮನೆಯಲ್ಲೂ ಆ ಕಂತಿನಲ್ಲಿ ಆ ಪಾತ್ರದ ಬಳಿ ಯಾವ ಹೂ, ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಬರೆದೆ. ನಾಯಕಿಗೆ ಮೊದಲು ಅಬ್ಬಲಿಗೆ, ಅದೂ ತಾಯಿ ಒತ್ತಾಯಕ್ಕೆ ಮುಡಿಸಿದ್ದು. ನಾಯಕ ತಂದುಕೊಟ್ಟ ಮೇಲೆ ಮಲ್ಲಿಗೆ. ಜಗಳವಾದ ಕಂತಿನಲ್ಲಿ ಹೂ ಕಿಟಕಿಯ ಕಟ್ಟೆಯ ಮೇಲೆ ಬಾಡುತ್ತಿರುತ್ತದೆ. ಬಣ್ಣ ತುಂಬುವ ಹುಡುಗ ವಿಜಯಪುರದ ಕಡೆಯವನು, ಕಟ್ಟಡದ ಕೆಲಸಕ್ಕೆ ಬಂದು ಇಲ್ಲೇ ನೆಲೆ ನಿಂತವರ ಮಗ. ಪಟ್ಟಿ ನೋಡಿ, "ಅಕ್ಕಾರ, ನೀವು ಹೂ ತೆಗೀತೀರೋ, ಮಂದಿ ಜಾತಕ ತೆಗೀತೀರೋ?" ಎಂದು ನಕ್ಕ.

ಪಟ್ಟಿಯಲ್ಲಿ ನಾನು ಎಲ್ಲರಿಗಿಂತ ಮುತುವರ್ಜಿಯಿಂದ ಬರೆದದ್ದು ಅತ್ತಿಗೆಯ ಸಾಲು. ಅವಳು ಹೂ ಮುಡಿಯುವುದಿಲ್ಲ. ಮೂರನೇ ಕಂತಿನಲ್ಲಿ ಬಿದ್ದ ಹೂ ಹೆಕ್ಕುತ್ತಾಳೆ. ಎಂಟರಲ್ಲಿ ನಾಯಕಿಗೆ ಕಟ್ಟಿಕೊಡುತ್ತಾಳೆ. ಇಪ್ಪತ್ತರಲ್ಲಿ ಯಾರೂ ಇಲ್ಲದಾಗ ಮೂಸಿ ನೋಡುತ್ತಾಳೆ. ನಲವತ್ತನೆಯ ಕಂತಿನಲ್ಲಿ, ಮದುವೆಯ ಗದ್ದಲದಲ್ಲಿ, ನಾಯಕಿ ತನ್ನ ತಲೆಯ ಮಲ್ಲಿಗೆಯಲ್ಲಿ ಒಂದು ತುಂಡು ಹರಿದು ಅತ್ತಿಗೆಗೆ ಮುಡಿಸುತ್ತಾಳೆ. ಮಾತಿಲ್ಲ, ಬರೀ ಹಿಂದಿನಿಂದ ಕಾಣುವ ಒಂದು ತುರುಬು. ನನ್ನ ಮಟ್ಟಿಗೆ ನಲವತ್ತು ಕಂತಿನ ಕಥೆ ಇದ್ದದ್ದೇ ಆ ಒಂದು ಚಿತ್ರಕ್ಕಾಗಿ.

ಅತ್ತಿಗೆ ನನ್ನ ಚಿಕ್ಕಮ್ಮ. ಅಂದರೆ ಅವಳ ಕೈ, ತುರುಬು, ಕುತ್ತಿಗೆ ಬಾಗಿಸುವ ರೀತಿ ಎಲ್ಲವೂ ಚಿಕ್ಕಮ್ಮನದು. ಚಿಕ್ಕಪ್ಪ ಗ್ರಾಂಟ್ ರೋಡಿನ ಒಂದು ಹೋಟೆಲಿನಲ್ಲಿ ಅಡುಗೆಯವರಾಗಿದ್ದರು. ಅವರು ಹೋದಾಗ ಚಿಕ್ಕಮ್ಮನಿಗೆ ಮೂವತ್ತೂ ಆಗಿರಲಿಲ್ಲ. ನನ್ನನ್ನು ಸಾಕಿದವಳು ಅವಳು, ಈಗ ಇರುವುದೂ ನಾವಿಬ್ಬರೇ. ನಮ್ಮ ಬಿಲ್ಡಿಂಗಿನ ಹೆಂಗಸರಿಗೆಲ್ಲ ಹೂ ಕಟ್ಟಿಕೊಡುವವಳು ಚಿಕ್ಕಮ್ಮ. ನಾರು ನೆನೆಸಿ, ಆಚೆಗೆರಡು ಈಚೆಗೆರಡು ಮೊಗ್ಗು ಇಟ್ಟು, ಟಿವಿ ನೋಡುತ್ತಲೇ ಮೊಳಗಟ್ಟಲೆ ಕಟ್ಟುತ್ತಾಳೆ. ಒಂದು ಮೊಗ್ಗನ್ನೂ ತಲೆಗೆ ಇಟ್ಟದ್ದು ನಾನು ಕಂಡಿಲ್ಲ. ಅವಳನ್ನು ಯಾರೂ ತಡೆದದ್ದೂ ಇಲ್ಲ. ಊರಲ್ಲಿ ಬಿಟ್ಟು ಬಂದ ಎಷ್ಟೋ ಸಂಗತಿಗಳ ನಡುವೆ ಇದೊಂದು ಮಾತ್ರ ಮುಂಬಯಿವರೆಗೆ ಅವಳ ಜೊತೆ ಬಂತು.

ಚಿತ್ರಕ್ಕಾಗಿ ಅವಳ ಕೈಯನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಂಡಾಗ ಯಾಕೆಂದು ಕೇಳಿದಳು. ಹೇಳಿದೆ. ನಲವತ್ತನೇ ಕಂತಿನಲ್ಲಿ ನಿನಗೆ ಹೂ ಮುಡಿಸುತ್ತೇನೆ ನೋಡುತ್ತಿರು ಎಂದೂ ಹೇಳಿದೆ. ಹುಚ್ಚು ಹುಡುಗಿ ಎಂದು ನಕ್ಕಳು. ಆದರೆ ಅಂದೇ ತನ್ನ ಫೋನಿನಲ್ಲಿ ಆ್ಯಪ್ ಹಾಕಿಸಿಕೊಂಡಳು. ಪ್ರತಿ ಗುರುವಾರ ಊಟ ಮುಗಿಸಿ, ಕನ್ನಡಕ ಹಾಕಿ, ಮೊದಲಿನಿಂದ ಕೊನೆಯವರೆಗೆ ಓದುತ್ತಿದ್ದಳು.

ಇನ್ನು ತಪ್ಪಿನ ವಿಷಯ. ಕಂಪ್ಯೂಟರಿನಲ್ಲಿ ಒಂದು ಚಿತ್ರವೆಂದರೆ ಒಂದರ ಮೇಲೊಂದು ಹಾಸಿದ ಪಾರದರ್ಶಕ ಹಾಳೆಗಳು. ಗೆರೆ ಒಂದು ಹಾಳೆಯಲ್ಲಿ, ಬಣ್ಣ ಇನ್ನೊಂದರಲ್ಲಿ, ಹೂ ಮತ್ತೊಂದರಲ್ಲಿ. ಬೇಡದ ಹಾಳೆಯನ್ನು ಅಳಿಸುವುದಿಲ್ಲ, ಮುಚ್ಚಿಡುತ್ತೇವೆ. ವಾರಕ್ಕೊಂದು ಕಂತು ಮುಗಿಸಬೇಕಾದ್ದರಿಂದ ಪ್ರತಿ ತಲೆಯನ್ನೂ ಹೊಸದಾಗಿ ಬರೆಯುತ್ತ ಕೂರಲಾಗದು. ನಾಯಕಿಯ ತಲೆ ಹಿಂದಿನಿಂದ ಹೇಗೆ ಕಾಣುತ್ತದೆ ಎಂದು ಒಮ್ಮೆ ಬರೆದು ಅಚ್ಚಿನಂತೆ ಇಟ್ಟುಕೊಂಡಿದ್ದೆವು. ಅದನ್ನೇ ಚಿಕ್ಕಮ್ಮನ ತುರುಬಿನಂತೆ ತಿದ್ದಿ ಅತ್ತಿಗೆಯದು ಮಾಡಿದ್ದು ನಾನೇ. ನಾಯಕಿಯ ಎಂಟು ಮೊಗ್ಗಿನ ಹೂ ಅದರಲ್ಲಿ ಹಾಗೆಯೇ ಉಳಿದಿತ್ತು, ಮುಚ್ಚಿದ ಹಾಳೆಯಲ್ಲಿ. ನಲವತ್ತನೇ ಕಂತಿಗೆ ಹೇಗೂ ಬೇಕಾಗುತ್ತದಲ್ಲ ಎಂದು ನಾನೇ ಬಿಟ್ಟಿದ್ದೆ.

ಹದಿನಾಲ್ಕನೆಯ ಕಂತು ಅಣ್ಣನ ವರ್ಷಾಂತದ್ದು, ಅವನು ತೀರಿಕೊಂಡು ವರ್ಷ ತುಂಬಿದ ದಿನದ್ದು. ಅತ್ತಿಗೆ ನಮಗೆ ಬೆನ್ನು ಹಾಕಿ ಗಂಡನ ಫೋಟೊದ ಮುಂದೆ ನಿಂತಿರುವ ಮೂರು ಚಿತ್ರಗಳಿದ್ದವು. ಫೋಟೊಗೆ ಮಲ್ಲಿಗೆ ಹಾರ. ಹೂವಿನ ಶಿಸ್ತು ಎಂದು ನಾನು ಆ ಚಿತ್ರಗಳ ಹೂವಿನ ಹಾಳೆಗಳನ್ನೆಲ್ಲ ಒಂದೇ ಗುಂಪಿನಲ್ಲಿ ಕಟ್ಟಿಟ್ಟಿದ್ದೆ. ಹಾರ ಕಾಣಲಿ ಎಂದು ಆ ಗುಂಪನ್ನು ಒಟ್ಟಿಗೇ ತೆರೆದೆ. ಹಾರದ ಜೊತೆಗೆ ತುರುಬಿನ ಹೂವೂ ತೆರೆದುಕೊಂಡಿತು. ಬೇರೆ ಯಾರ ಗುಂಪಿನಲ್ಲೂ ಇಂಥ ತಪ್ಪು ಆಗುತ್ತಿರಲಿಲ್ಲ, ಯಾಕೆಂದರೆ ಬೇರೆ ಯಾರೂ ಹೂವನ್ನು ಇಷ್ಟು ಅಚ್ಚುಕಟ್ಟಾಗಿ ಕಟ್ಟಿಡುತ್ತಿರಲಿಲ್ಲ. ಕೊನೆಯ ತಪಾಸಣೆಯಲ್ಲಿ ಹೂ ನೋಡುವವಳು ನಾನೇ. ಹಾರ ಸರಿಯಾಗಿ ಬಂದಿದೆಯೇ ಎಂದು ನೋಡಿದೆ, ಬಂದಿತ್ತು, ಸಹಿ ಹಾಕಿದೆ.

ಗುರುವಾರ ಮಧ್ಯಾಹ್ನ ಎರಡೂವರೆಗೆ ಚಿಕ್ಕಮ್ಮನ ಫೋನು. ಕೆಲಸದ ಹೊತ್ತಿನಲ್ಲಿ ಅವಳು ಫೋನ್ ಮಾಡುವವಳಲ್ಲ.

"ನಲ್ವತ್ತನೇದ್ರಲ್ಲಿ ಅಂತ ಹೇಳಿದ್ದೆ ಅಲ್ವಾ ನೀನು? ಹದಿನಾಲ್ಕಕ್ಕೇ ಮುಡಿಸಿದ್ದೀಯಲ್ಲ ಮಾರಾಯ್ತಿ" ಅಂದಳು. ಆ ದನಿಯಲ್ಲಿ ನಾಚಿಕೆಯಿತ್ತು. ಅಂಥ ದನಿ ಅವಳಿಗಿದೆ ಎಂದೇ ನನಗೆ ಗೊತ್ತಿರಲಿಲ್ಲ.

ಏನೆಂದು ತಿಳಿಯದೆ ಹೂಂಗುಟ್ಟಿ ಫೋನಿಟ್ಟು ಕಂತು ತೆರೆದೆ. ಗಂಡನ ವರ್ಷಾಂತದ ದಿನ, ಗಂಡನ ಫೋಟೊದ ಮುಂದೆ, ಅತ್ತಿಗೆ ಮಲ್ಲಿಗೆ ಮುಡಿದು ನಿಂತಿದ್ದಳು. ಹೂ ತೆಗೆದು ಹೊಸ ಫೈಲ್ ಮಾಡಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಪವಾಯಿಗೆ ಕಳಿಸಿದೆ. ತಪ್ಪು ನನ್ನದು, ದಯವಿಟ್ಟು ಬದಲಿಸಿ ಎಂದು ಬರೆದೆ. ಸಂಜೆಯಾದರೂ ಬದಲಾಗಲಿಲ್ಲ. ಕಾಮೆಂಟ್‌ಗಳು ಹಿಂದೆಂದೂ ಬಾರದಷ್ಟು ಬರುತ್ತಿವೆ, ಒಂದೆರಡು ದಿನ ಹಾಗೆಯೇ ಇರಲಿ ಎಂದು ಮೇಡಂ ಉತ್ತರಿಸಿದರು.

ಕಾಮೆಂಟ್‌ಗಳನ್ನು ಓದಿದೆ. ಒಂದು ವರ್ಷ ತುಂಬಿದ್ದೇ ತಡ, ಸಿಂಗಾರ ಶುರು. ಫೋಟೊದವನ ಆತ್ಮಕ್ಕೆ ಏನಾಗಬೇಡ. ಯಾರಿಗಾಗಿ ಈ ಮಲ್ಲಿಗೆ? ಇಂಥವೇ, ಉದ್ದಕ್ಕೂ. ಅಷ್ಟರಲ್ಲಿ ಒಬ್ಬರು ಒಂಬತ್ತನೆಯ ಕಂತಿನ ಚಿತ್ರ ತೆಗೆದು ಕೆಂಪು ವೃತ್ತ ಹಾಕಿ ಹಂಚಿದರು. ಅದರಲ್ಲಿ ನಾಯಕ ಸ್ಟೇಷನ್ ಹೊರಗೆ ಒಂದು ಮೊಳ ಮಲ್ಲಿಗೆ ಕೊಳ್ಳುತ್ತಾನೆ. ಹೂವಿನವಳು ಅಳೆದ ಮೇಲೆ ಒಂದು ಚಿಕ್ಕ ತುಂಡು ಕೊಸರು ಕೊಡುತ್ತಾಳೆ. ಅವನು ಮೊಳವನ್ನು ನಾಯಕಿಗೆ ಕೊಟ್ಟು ಕೊಸರನ್ನು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಾನೆ. ಹೂವಿನವರು ಕೊಸರು ಕೊಡುತ್ತಾರೆ ಎಂಬ ಒಂದೇ ಕಾರಣಕ್ಕೆ ನಾನು ಬರೆದ ತುಂಡು ಅದು. ಅದಕ್ಕೂ ಅಚ್ಚಿನ ಅದೇ ಹೂವನ್ನು ಬಳಸಿದ್ದೆ. ಅಲ್ಲೂ ಎಂಟು ಮೊಗ್ಗು, ಅತ್ತಿಗೆಯ ತಲೆಯಲ್ಲೂ ಎಂಟು ಮೊಗ್ಗು. ಓದುಗರು ಎಣಿಸಿದ್ದರು. ನಾಯಕನಿಗೂ ಅತ್ತಿಗೆಗೂ ಸಂಬಂಧವಿದೆ ಎಂದು ತೀರ್ಪಾಯಿತು. ಹೂ ನೋಡಿ ಸಂಬಂಧ ಓದಿ ಎಂದು ಹದಿಮೂರು ವಾರ ಅವರಿಗೆ ಪಾಠ ಹೇಳಿದವಳು ನಾನೇ. ಚೆನ್ನಾಗಿಯೇ ಕಲಿತಿದ್ದರು.

ಮನೆಗೆ ಹೋಗುವಾಗ ಚಿಕ್ಕಮ್ಮನಿಗೆ ನಿಜ ಹೇಳಬೇಕೆಂದೇ ಹೋದೆ. ಬಾಗಿಲು ತೆಗೆದವಳು ಬೆನ್ನು ತಿರುಗಿಸಿ ಒಳಗೆ ನಡೆದಳು. ತುರುಬಿನಲ್ಲಿ ಒಂದು ಗೇಣಿಗಿಂತ ಚಿಕ್ಕದಾದ ಮಲ್ಲಿಗೆ ತುಂಡಿತ್ತು. ಏನೂ ಕೇಳಬಾರದೆಂಬಂತೆ ಪಾತ್ರೆ ಸದ್ದು ಮಾಡುತ್ತ, ಚಾ ಇಡ್ತೇನೆ ಎಂದಳು. ನಾನು ಚಪ್ಪಲಿ ಬಿಡುವುದನ್ನೂ ಮರೆತು ನಿಂತಿದ್ದೆ. ಎಷ್ಟು ಸಂತೋಷವಾಯಿತೋ ಅಷ್ಟೇ ಹೆದರಿಕೆಯೂ ಆಯಿತು. ಹೇಳಲಿಲ್ಲ. ಕಾಮೆಂಟ್ ತೆರೆಯುವುದು ಅವಳಿಗೆ ಗೊತ್ತಿಲ್ಲ, ಕಂತು ಹೇಗೂ ಸರಿಹೋಗುತ್ತದೆ ಎಂದು ಚಾ ಕುಡಿದೆ.

ಸೋಮವಾರ ಪವಾಯಿಯಲ್ಲಿ ಮೀಟಿಂಗ್. ಕಿಟಕಿಯಿಂದ ಕೆರೆ ಕಾಣುವ ತಣ್ಣನೆಯ ಕೋಣೆ. ಓದುಗರೇ ನಮಗೆ ಹೊಸ ಕಥೆ ಕೊಟ್ಟಿದ್ದಾರೆ ಎಂದು ಮೇಡಂ ಶುರು ಮಾಡಿದರು. ಹದಿನಾರನೆಯ ಕಂತಿನಿಂದ ಅತ್ತಿಗೆಯೇ ಖಳನಾಯಕಿ. ಗಂಡ ಬದುಕಿದ್ದಾಗಲೇ ನಾಯಕನ ಮೇಲೆ ಕಣ್ಣು ಹಾಕಿದವಳು. ನಾನು ಎದ್ದು ನಿಂತು, ಅದು ಹೂವಲ್ಲ, ನನ್ನ ತಪ್ಪು, ಮುಚ್ಚಬೇಕಾದ ಹಾಳೆ ತೆರೆದುಹೋಯಿತು ಎಂದೆ. ಓದುಗರಿಗೆ ಇಷ್ಟವಾದದ್ದು ತಪ್ಪಾಗುವುದು ಹೇಗೆ ಎಂದು ಅವರು ಸಮಾಧಾನದಿಂದಲೇ ಕೇಳಿದರು. ಕೆಟ್ಟವರೇನಲ್ಲ. ಆ ತಪ್ಪಿಗಾಗಿ ನನಗೆ ಅಭಿನಂದನೆಯನ್ನೂ ಹೇಳಿದರು. ಅಷ್ಟು ಅವಮಾನ ನನಗೆ ಬೈಗುಳದಿಂದಲೂ ಆಗಿರಲಿಲ್ಲ.

ಹದಿನೈದನೆಯ ಕಂತು ಇನ್ನೂ ನಮ್ಮ ಕೈಯಲ್ಲಿತ್ತು. ಅದೊಂದೇ ದಾರಿ ಕಂಡಿತು. ಹೂ ತೆಗೆಯಲಾಗದಿದ್ದರೆ ಅದು ಎಲ್ಲಿಂದ ಬಂತೆಂದು ತೋರಿಸಬೇಕು. ಎರಡು ದಿನ ಕೂತು ನಾಲ್ಕು ಚಿತ್ರ ಬರೆದೆ. ವರ್ಷಾಂತದ ಬೆಳಿಗ್ಗೆ ನಾಯಕಿಯ ತಾಯಿ, ಅಂದರೆ ಸತ್ತವನ ತಾಯಿ, ಮಗನ ಹಾರಕ್ಕೆ ಹೂ ಕಟ್ಟುತ್ತಿದ್ದಾಳೆ. ಒಂದು ತುಂಡು ಮಿಗುತ್ತದೆ. ಸೊಸೆಯನ್ನು ಕರೆದು ಕೂರಿಸಿ ತಾನೇ ಮುಡಿಸುತ್ತಾಳೆ. ಕೊನೆಯ ಚಿತ್ರದಲ್ಲಿ ಮುಖಗಳಿಲ್ಲ, ತಾಯಿಯ ಕೈ ಸೊಸೆಯ ತಲೆಯ ಮೇಲಿದೆ. ವಿಜಯಪುರದವನು ಊಟ ಬಿಟ್ಟು ಬಣ್ಣ ತುಂಬಿಕೊಟ್ಟ. ಹನ್ನೆರಡು ವರ್ಷದ ನನ್ನ ಕೆಲಸದಲ್ಲಿ ಈ ಕೈಯಿಂದ ಬಂದ ಒಳ್ಳೆಯ ಚಿತ್ರವೆಂದರೆ ಅದೇ ಎಂದು ಈಗಲೂ ಅನ್ನಿಸುತ್ತದೆ.

ಬುಧವಾರ ಮಧ್ಯಾಹ್ನ ಉತ್ತರ ಬಂತು. ಚಿತ್ರ ಸುಂದರವಾಗಿದೆ, ಆದರೆ ಕಾರಣ ಹೇಳಿಬಿಟ್ಟರೆ ಕುತೂಹಲ ಸಾಯುತ್ತದೆ. ನಾಲ್ಕನ್ನೂ ತೆಗೆಯಲಾಗಿದೆ. ಜೊತೆಗೆ ಹದಿನಾರನೆಯ ಕಂತಿನ ಬರಹ. ಅದರಲ್ಲಿ ಅದೇ ತಾಯಿ, ಅದೇ ಕೈ, ಸೊಸೆಯ ತಲೆಯಿಂದ ಹೂ ಕಿತ್ತು ನೆಲಕ್ಕೆ ಎಸೆಯುತ್ತಾಳೆ. ಬಿದ್ದ ಹೂ ದೊಡ್ಡದಾಗಿ ಕಾಣಬೇಕು, ಮೊಗ್ಗುಗಳು ಚದುರಿರಬೇಕು ಎಂದು ನನಗೆ ಪ್ರತ್ಯೇಕ ಸೂಚನೆಯಿತ್ತು.

"ತಪ್ಪು ನಮ್ಮದು ಖರೇ ಐತಿ" ಎಂದ ವಿಜಯಪುರದವನು, ಪರದೆ ನೋಡುತ್ತ. "ಆದ್ರ ಈಗ ಅದು ನಮ್ಮ ಕೈಯಾಗ ಇಲ್ರೀ ಅಕ್ಕಾರ. ಓದೋ ಮಂದಿ ಕೈಯಾಗ ಹೋತು."

ಕುಡಿಕೆಯ ಬಾಯಿ ಮುಚ್ಚಬಹುದು, ಲೋಕದ ಬಾಯಿ ಮುಚ್ಚಲಾದೀತೇ. ಕೆಲಸ ಬಿಡಬೇಕೆನ್ನಿಸಿತು. ನಾನು ಬಿಟ್ಟರೂ ಆ ಹೂವನ್ನು ಯಾರೋ ಕಿತ್ತೇ ಕೀಳುತ್ತಾರೆ. ಹಾಗಾಗಿ ಬೇರೊಂದು ತೀರ್ಮಾನಕ್ಕೆ ಬಂದೆ. ಹದಿನಾರನೆಯ ಕಂತು ಬರುವ ಮೊದಲೇ ಚಿಕ್ಕಮ್ಮನಿಗೆ ನಿಜ ಹೇಳಿಬಿಡುತ್ತೇನೆ. ಆ ಅತ್ತಿಗೆ ನೀನಲ್ಲ, ಆ ಹೂ ಯಂತ್ರದ ಎಡವಟ್ಟು, ಅದನ್ನು ಕಿತ್ತರೆ ನಿನ್ನದೇನನ್ನೂ ಕಿತ್ತ ಹಾಗಲ್ಲ. ಅವಳಿಗೂ ಆ ಕಥೆಗೂ ನಡುವೆ ಒಂದು ಗೋಡೆ ಎಬ್ಬಿಸಿದರೆ ಅವಳಿಗೆ ನೋವಾಗಲಾರದು ಎಂದು ಲೆಕ್ಕ ಹಾಕಿದೆ. ಹೂವಿನ ಪಟ್ಟಿ ಮಾಡಿದ ತಲೆಯೇ ಈ ಲೆಕ್ಕವನ್ನೂ ಹಾಕಿದ್ದು.

ಅರ್ಧ ದಿನ ರಜೆ ಹಾಕಿ ಮನೆಗೆ ಹೋದೆ. ಚಿಕ್ಕಮ್ಮ ನೆಲದ ಮೇಲೆ ಕೂತು ಹೂ ಕಟ್ಟುತ್ತಿದ್ದಳು. ಅಂದೂ ಮುಡಿದಿದ್ದಳು. ವಾರವಿಡೀ ಮುಡಿದಿದ್ದಳು, ಮಂಗಳವಾರ ಪಕ್ಕದ ವಿಂಗಿನವರ ಪೂಜೆಗೂ ಹಾಗೆಯೇ ಹೋಗಿ ಬಂದಿದ್ದಳು. ನಾನು ಎದುರು ಕೂತು, ಹಾಳೆ, ಗುಂಪು, ಹಾರ ಎಲ್ಲವನ್ನೂ ವಿವರಿಸಿದೆ. ಮುಂದೆ ಬರುವ ಕಂತಿನಲ್ಲಿ ಏನಾಗುತ್ತದೆ ಎಂದೂ ಹೇಳಿದೆ. ಅವಳ ಕೈ ಕಟ್ಟುವುದನ್ನು ನಿಲ್ಲಿಸಲಿಲ್ಲ.

"ತಪ್ಪಿ ಬಂದದ್ದಾ ಅದು?" ಎಂದು ಕೇಳಿದಳು.

ಹೌದೆಂದೆ. ಜನ ಕೆಟ್ಟದಾಗಿ ಬರೆಯುತ್ತಿದ್ದಾರೆ, ನೀನು ಅದನ್ನೆಲ್ಲ ನೋಡಬೇಡ ಎಂದೆ.

"ಅದನ್ನು ನಾನು ಅವತ್ತೇ ಓದಿದ್ದೇನೆ" ಎಂದಳು ಚಿಕ್ಕಮ್ಮ. "ಜನಕ್ಕೆ ಬಾಯಿ ಉಂಟು, ಹೇಳ್ತಾರೆ. ಅವರು ಹೇಳಿದ್ರೆ ನಂಗೆಂತ? ನೀನು ಮುಡಿಸಿದ್ದು ಅಂತ ಗ್ರಹಿಸಿದ್ದು ನಾನು."

ಅಷ್ಟು ಜನ ಬರೆದದ್ದನ್ನೆಲ್ಲ ಓದಿಯೂ ಅವಳು ಆ ಹೂ ಇಟ್ಟುಕೊಂಡಿದ್ದಳು, ನಾನು ಮುಡಿಸಿದ್ದೆಂಬ ಒಂದೇ ಧೈರ್ಯದಿಂದ. ಅದನ್ನು ನಾನೇ ಬಂದು, ರಜೆ ಹಾಕಿ ಬಂದು, ಅವಳೆದುರು ಕೂತು ಕಿತ್ತುಕೊಂಡಿದ್ದೆ. ಮುಡಿಸಿದ್ದು ನಾನೇ ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ. ಹೇಳಿದರೂ ನಂಬುವವಳಲ್ಲ.

ಕೈಯಲ್ಲಿದ್ದ ಮಾಲೆಗೆ ಗಂಟು ಹಾಕಿ ಮುಗಿಸಿ, ನಾರು ಕತ್ತರಿಸಿ, ಆಮೇಲೆ ತುರುಬಿಗೆ ಕೈ ಹಾಕಿ ಹೂ ತೆಗೆದಳು. ಸಿಟ್ಟಿರಲಿಲ್ಲ. ಪಿನ್ನನ್ನು ಡಬ್ಬಿಗೆ ಹಾಕಿ, ಹೂವನ್ನು ತುಳಸಿ ಕುಂಡಕ್ಕೆ ಹಾಕಿ ಬಂದು, ಊಟ ಆಯ್ತಾ ಎಂದು ಕೇಳಿದಳು.

ಹದಿನಾರನೆಯ ಕಂತಿನ ಹೂ ನಾನೇ ಬಿಡಿಸಿದೆ. ನೆಲದ ಮೇಲೆ ಎಂಟು ಮೊಗ್ಗು, ಹೇಳಿದಂತೆಯೇ ಚದುರಿದ್ದವು. ಇಪ್ಪತ್ತನಾಲ್ಕರಲ್ಲಿ ಅತ್ತಿಗೆಯನ್ನು ಮನೆಯಿಂದ ಹೊರಹಾಕಿದರು. ನನ್ನ ಪಟ್ಟಿಯಲ್ಲಿ ಅವಳ ಸಾಲು ಅಲ್ಲಿಗೆ ಮುಗಿಯಿತು, ಮುಂದಿನ ಮನೆಗಳೆಲ್ಲ ಖಾಲಿ. ಚಿಕ್ಕಮ್ಮ ಗುರುವಾರ ಓದುವುದನ್ನು ಬಿಟ್ಟಳು. ನಲವತ್ತನೆಯ ಕಂತಿನಲ್ಲಿ ಮದುವೆಯಾಯಿತು. ಮಂಟಪಕ್ಕೆ, ಬಾಗಿಲಿಗೆ, ಬಂದ ಹೆಂಗಸರ ತಲೆಗಳಿಗೆ, ಬುಟ್ಟಿಗಟ್ಟಲೆ ಮಲ್ಲಿಗೆ ಬಿಡಿಸಿದೆ. ಯಾವ ಹಾಳೆ ತೆರೆದಿದೆ, ಯಾವುದು ಮುಚ್ಚಿದೆ ಎಂದು ಮೂರು ಸಲ ನೋಡಿ ಸಹಿ ಹಾಕಿದೆ.

ಆ ಸಂಜೆ ಸ್ಟೇಷನ್ ಹೊರಗೆ ಒಂದು ಮೊಳ ಮಲ್ಲಿಗೆ ಕೊಂಡೆ. ಹೂವಿನವಳು ಕೊಸರೂ ಕೊಟ್ಟಳು. ಮನೆಗೆ ಹೋದಾಗ ಚಿಕ್ಕಮ್ಮ ಕಿಟಕಿಯ ಬಳಿ ಕೂತು ತಲೆ ಬಾಚಿ ತುರುಬು ಕಟ್ಟುತ್ತಿದ್ದಳು. ಹಿಂದಿನಿಂದ ಹೋಗಿ, ಮಾತಾಡದೆ, ಆ ಚಿಕ್ಕ ತುಂಡನ್ನು ಅವಳ ತುರುಬಿನ ಹತ್ತಿರ ತಂದೆ. ಪರಿಮಳಕ್ಕೇ ಗೊತ್ತಾಗಿರಬೇಕು. ತಿರುಗದೆಯೇ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಬೇಡ ಮಗಾ" ಅಂದಳು. "ಇನ್ನೊಮ್ಮೆ ತೆಗಿಲಿಕ್ಕೆ ನನ್ನಿಂದ ಆಗುದಿಲ್ಲ."

ಆಮೇಲೆ ಹೂವನ್ನು ನನ್ನ ಕೈಯಿಂದ ಬಿಡಿಸಿಕೊಂಡು, ಮೊಳವನ್ನು ದೇವರಿಗೆ ಎತ್ತಿಟ್ಟು, ಕೊಸರನ್ನು ನನಗೆ ಮುಡಿಸಿ ಅಡುಗೆ ಮನೆಗೆ ಹೋದಳು.